ಯಾವ ಸೀನಿಗೆ ಅತ್ತರು?

ನಲವತ್ತು ದಾಟಿದರೂ ನಮ್ಮ ಮನೆಯವರಿಗೆ ಸಿನಿಮಾ ಹುಚ್ಚು ಬಿಟ್ಟಿಲ್ಲ. ಹೆಸರು ಯರ್ರಿಸ್ವಾಮಿ, ಬಾದನಹಟ್ಟಿ ಅಭಿಮಾನಿ ಸಂಘದ ಅಧ್ಯಕ್ಷರು. ಅವರ ಹೀರೋನ ದೊಡ್ಡ ಸಿನಿಮಾದ ನಾಲ್ಕನೆಯ ಭಾಗ, ಅಂದರೆ ಕೊನೆಯದು, ಈ ಸಲ ಬಿಡುಗಡೆಯಾಯಿತು. ಕೋಟೆಗೆ ಬೆಂಕಿ ಇಟ್ಟವರು ಯಾರು ಎಂಬ ಒಂದು ಪ್ರಶ್ನೆ ಹಿಡಿದುಕೊಂಡು ಹತ್ತು ವರ್ಷ ಊರಿನ ಕಟ್ಟೆಯ ಮೇಲೆ ಜಗಳ ಆಡಿದವರು ಇವರು. ಬೇರೆ ಊರಿನವರು ಕಟೌಟಿಗೆ ಸೇಬಿನ ಹಾರ ಹಾಕುತ್ತಾರೆ. ನಮ್ಮವರು ನಮ್ಮ ನೆಲದ ಬೆಳೆಯೇ ಇರಲಿ ಎಂದು ಒಣ ಮೆಣಸಿನಕಾಯಿಯ ಹಾರ ಕಟ್ಟಿಸಿದರು, ಅದೂ ಖಾರದ ಗುಂಟೂರು ಜಾತಿಯದು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಕುರುಗೋಡಿನಲ್ಲಿ ನಿಲ್ಲಿಸಿ ಮಂದಿಗೆಲ್ಲ ತೋರಿಸಿ, ಬಳ್ಳಾರಿಗೆ ಒಯ್ದು ಥೇಟರಿನ ಗೇಟಿನ ಕಟೌಟಿಗೆ ಕ್ರೇನಿನಿಂದ ಏರಿಸಿದರು. ನಾನು ಬೈದದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಬೆಳಗಿನ ಮೊದಲ ಆಟಕ್ಕೆ ನಾನೂ ಹೋಗಿದ್ದೆ. ಸಿನಿಮಾ ಪೂರಾ ಹಾಳು. ಹೀರೋ ಬಂದಾಗ ಹಾರಿಸಿದ ಕಾಗದದ ಚೂರು ನೆಲಕ್ಕೆ ಬೀಳುವ ಮೊದಲೇ ಉಪದೇಶ ಶುರುವಾಯಿತು. ಕೊನೆಗೆ ನೋಡಿದರೆ ಕೋಟೆಗೆ ಯಾರೂ ಬೆಂಕಿ ಇಟ್ಟಿರಲಿಲ್ಲವಂತೆ, ಅದು ಹೀರೋ ಕಂಡ ಕನಸಂತೆ. ಶಿಳ್ಳೆ ಹೊಡೆಯಲು ಬಂದ ಹುಡುಗರು ಫೋನು ನೋಡುತ್ತ ಕುಳಿತರು. ನಮ್ಮವರ ಮುಖ ನೋಡಲಾಗಲಿಲ್ಲ. ಬೀಗರಿಗೆ ಹಳಸಿದ ಅನ್ನ ಬಡಿಸಿದವರ ಹಾಗೆ ತಲೆ ತಗ್ಗಿಸಿದ್ದರು.

ನಾವು ಹೊರಗೆ ಬರುವ ಹೊತ್ತಿಗೆ ಎರಡನೆಯ ಆಟದವರು ಸರಪಟಾಕಿ ಹಚ್ಚಿದರು. ಕಿಡಿ ಹಾರಿ ಹಾರಕ್ಕೆ ಬಿತ್ತು. ಮೆಣಸಿನಕಾಯಿ ಸುಟ್ಟ ಘಾಟು ಎಂದರೆ ಹೇಳಬೇಕೆ? ಗೇಟಿನಲ್ಲಿದ್ದ ಮಂದಿಯೆಲ್ಲ ಕೆಮ್ಮಿ, ಸೀನಿ, ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ ನಿಂತರು. ಅದೇ ಹೊತ್ತಿಗೆ ಯೂಟ್ಯೂಬಿನವನೊಬ್ಬ ಬಂದು ಮೈಕು ಹಿಡಿದ. "ಹೆಂಗೈತ್ರಿ ಪಿಚ್ಚರ್?"

ಸಂಘದ ಮಾನ ಉಳಿಸಬೇಕಲ್ಲ. ನಮ್ಮವರು ಟವೆಲಿನಿಂದ ಕಣ್ಣು ಒರೆಸಿಕೊಂಡು, "ನೋಡ್ರಿ, ಎಲ್ರೂ ಹೆಂಗ ಅಳಾಕತ್ತಾರ! ಇದಕ್ಕ ಅಳದವ್ರು ಮನಷ್ಯಾರ ಅಲ್ರಿ!" ಎಂದು ಕೂಗಿದರು. ಹಿಂದೆ ನಾನೂ ಕಣ್ಣೀರು ಹಾಕುತ್ತ ನಿಂತಿದ್ದು ವಿಡಿಯೋದಲ್ಲಿ ಚೆನ್ನಾಗಿಯೇ ಬಂದಿದೆ. ಮನೆಗೆ ಬಂದು, ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅದನ್ನು ಸ್ಟೇಟಸ್ಸಿಗೆ ಹಾಕಿದೆ.

ಮರುದಿನ ಸಿರುಗುಪ್ಪದಿಂದ ಅವ್ವನ ಫೋನು ಬಂತು. ಅವ್ವ, ವಿರೂಪಮ್ಮ, ತಾನಾಗಿ ಏನನ್ನೂ ಕೇಳುವವಳಲ್ಲ. "ಮೀನಾಕ್ಷಿ, ನಿನ್ನ ಸ್ಟೇಟಸ್ಸಿನಾಗ ನೋಡಿದೆ, ಆ ಸಿನಿಮಾ ನನಗೂ ತೋರಸ್ತೀಯೇನು?" ಎಂದಳು. ಹೋದ ವರ್ಷ ನನ್ನ ತಮ್ಮ ಪರಶು ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅವಳು ಮನೆ ಬಿಟ್ಟು ಹೊರಟವಳೇ ಅಲ್ಲ. ಮಣ್ಣು ಮಾಡಿದ ದಿನವೂ ಅವಳು ಅತ್ತಿರಲಿಲ್ಲ. ಬಂದವರಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. "ನಿಮ್ಮವ್ವಂದು ಎದಿ ಗಟ್ಟಿ ಬಿಡು" ಎಂದು ಮಂದಿ ಅಂದಾಗ ನಾನೂ "ಹೂಂ, ಕಲ್ಲು" ಅಂದಿದ್ದೆ. ಈಗ ಸಿನಿಮಾ ಕೇಳಿದಳಲ್ಲ, ಚೇತರಿಸಿಕೊಂಡಳು ಎಂದು ಹಿಗ್ಗಿದೆ. ಘಾಟಿನ ಸುದ್ದಿ ಎತ್ತಲಿಲ್ಲ. ಸಿನಿಮಾ ಚೆನ್ನಾಗಿಲ್ಲ ಎಂದರೆ ಬರುವುದನ್ನೇ ಬಿಟ್ಟಾಳು ಎಂಬ ಭಯ. ಅಳಿಯನ ಮರ್ಯಾದೆಯ ಪ್ರಶ್ನೆಯೂ ಇತ್ತು.

ಭಾನುವಾರ ಬಸ್ಸಿನಲ್ಲಿ ಬಂದಳು. ಥೇಟರಿನಲ್ಲಿ ನಾನೂ ನಮ್ಮವರೂ ಅವಳ ಆಚೆ ಈಚೆ ಕುಳಿತು, ಬೇಜಾರಾಗದಂತೆ ಒಳ್ಳೆಯದನ್ನು ಹುಡುಕಿ ಹುಡುಕಿ ತೋರಿಸಿದೆವು. "ಆ ಬಿಳಿ ಕುದುರಿ ನೋಡ್ರಿ ಅತ್ತಿ, ಹೆಂಗ ಹೆಜ್ಜಿ ಇಡತೈತಿ" ಎಂದರು ಅವರು. ರಾಣಿಯ ಮೂಗುಬಟ್ಟು ನೋಡು ಎಂದೆ ನಾನು. ಹುಡುಕಲು ಕುಳಿತರೆ ಕೆಟ್ಟ ಸಿನಿಮಾದಲ್ಲೂ ಎಷ್ಟೋ ಸಿಗುತ್ತದೆ. ಮುದಿ ಮಂತ್ರಿಯ ಪಾತ್ರದವನು ಒಂದೇ ಒಂದು ಸಲ ನಗುತ್ತಾನೆ, ಎಷ್ಟು ಚೆಂದ ನಗುತ್ತಾನೆ. ಹಾಡಿನ ನಡುವೆ ಕುರಿಮಂದೆಯೊಂದು ಹೊಳೆ ದಾಟುತ್ತದೆ. ಮೊದಲ ದಿನ ಸಿಟ್ಟಿನಲ್ಲಿ ನಾನು ಇವನ್ನೆಲ್ಲ ನೋಡಿಯೇ ಇರಲಿಲ್ಲ. ಈಗ ನನಗೇ ಸಿನಿಮಾ ಹಿಡಿಸತೊಡಗಿತು. ಅವ್ವ ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದಳು, ಪರದೆಯ ಮೇಲಿನ ಕಣ್ಣು ಮಾತ್ರ ಕದಲಿಸಲಿಲ್ಲ. ಪರವಾಗಿಲ್ಲ, ಮುದುಕಿಗೆ ಭಾಳ ಸೇರಿದೆ ಎಂದುಕೊಂಡೆ.

ಆಮೇಲೆ ಬ್ರೂಸ್‌ಪೇಟೆಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಚಹಾ. "ಕುದುರಿ ಚೊಲೊ ಇತ್ತು, ಅಳಿಯಂದ್ರ. ಒಳಗ ತಣ್ಣಗೂ ಇತ್ತು. ಆ ಕುರಿ ಕಾಯಾಂವ ನಮ್ಮ ಕಡೇದಾಂವ ಇದ್ದಂಗ ಇದ್ದ" ಎಂದಳು ಅವ್ವ. ನಮ್ಮವರ ಮುಖ ಅರಳಿತು. ಅವರು ಕೈ ತೊಳೆಯಲು ಎದ್ದು ಹೋದದ್ದೇ, ಅವ್ವ ನನ್ನ ಕಡೆ ಬಗ್ಗಿದಳು.

"ಮೀನಾಕ್ಷಿ, ಯಾವ ಸೀನಿಗೆ ಅತ್ರು ಅಷ್ಟು ಮಂದಿ?"

"ಯಾಕ ಬೇ?"

"ಈಗ ಬರತೈತಿ, ಈಗ ಬರತೈತಿ ಅಂತ ಕಡೀತನಕ ಕಾದೆ. ನನಗ ಗೊತ್ತಾಗಲಿಲ್ಲ." ದನಿ ಇನ್ನೂ ಇಳಿಸಿದಳು. "ಪರಶು ಹೋದಾಗಿಂದ ಒಂದ್ ಹನಿ ಬಂದಿಲ್ಲ ನನಗ. ಮಗ ಸತ್ರ ಅಳು ಬರದಾಕಿ ಎಂಥಾ ತಾಯಿ? ಗಂಡಸ್ರೂ ಅಳಾಕತ್ತಿದ್ರಲ್ಲ ಆ ವಿಡಿಯೋದಾಗ, ನೀನೂ ಅಳಾಕತ್ತಿದ್ದಿ. ಆ ಕತ್ತಲ್ದಾಗರ ನನಗೂ ಬರಬಹುದು ಅಂತ ಬಂದೆ. ಅಳಿಯಂದ್ರು ಹೇಳಿದ್ದು ಖರೇ ಏನೋ. ನಾ ಮನಷ್ಯಾಳ ಅಲ್ಲೇನೋ."

ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ನಕ್ಕು ಸ್ಟೇಟಸ್ಸಿಗೆ ಹಾಕಿದವಳು ನಾನು. ಹೆತ್ತವಳನ್ನು ಕಲ್ಲು ಎಂದವಳೂ ನಾನೇ. ವರ್ಷವಿಡೀ ಅವಳು ಇದನ್ನು ಒಳಗಿಟ್ಟುಕೊಂಡು ಓಡಾಡಿದ್ದಳು, ಹೇಗಿದ್ದೀಯವ್ವ ಎಂದು ನಾನು ಸರಿಯಾಗಿ ಒಮ್ಮೆ ಕೇಳಿರಲಿಲ್ಲ. ಅವಳ ಮುಖ ನೋಡುವ ಧೈರ್ಯ ಸಾಲದೆ ತಟ್ಟೆ ನೋಡುತ್ತ ಹೇಳಿದೆ. ಹಾರ, ಪಟಾಕಿ, ಘಾಟು, ನಮ್ಮವರ ಸುಳ್ಳು, ನನ್ನ ನಗು, ಯಾವುದನ್ನೂ ಬಿಡಲಿಲ್ಲ.

"ಹಂಗಾರ ಸಿನಿಮಾಕ್ಕ ಯಾರೂ ಅತ್ತಿಲ್ಲ?"

"ಇಲ್ಲ ಬೇ."

"ನೀನೂ?"

"ನಾನೂ ಇಲ್ಲ."

ಬೈದಾಳು ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಉದ್ದಕ್ಕೆ ಉಸಿರು ಬಿಟ್ಟು, ಚಹಾ ಎತ್ತಿ ಕುಡಿದಳು. ನನಗೆ ತಡೆಯಲಾಗಲಿಲ್ಲ. ಅಷ್ಟು ಮಂದಿಯ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಗಡಿಬಿಡಿಯಿಂದ ಕಣ್ಣು ಒರೆಸಿಕೊಳ್ಳಹೋದೆ. ಅವ್ವ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಅವಳ ಕಣ್ಣು ಒಣಗಿಯೇ ಇದ್ದವು, ನನ್ನ ಮುಖವನ್ನು ಆಸೆಯಿಂದ ನೋಡುತ್ತಿದ್ದವು.

"ಒರಸಬ್ಯಾಡ" ಎಂದಳು. "ಅಳು. ನಿನಗರ ಬರತೈತಲ್ಲ."