ಮೊದಲು ಎರಡನೇ ಬದಿ

ವಾರದ ಐದು ದಿನ ಅವಳು ಹಲ್ಲು ಮಾಡುತ್ತಿದ್ದಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಸೆಟ್ಟು ಕಟ್ಟಿ, ಉಜ್ಜಿ ಹೊಳಪು ಕೊಡುವ ಕೆಲಸ. ಶನಿವಾರ ಮಾತ್ರ ಅಕ್ಕನ ಗಂಡನ ರೆಕಾರ್ಡ್ ಅಂಗಡಿಗೆ ಹೋಗಿ, ಹೊಸದಾಗಿ ಬಂದ ರಾಕ್, ಸಣ್ಣ ತಂಡಗಳು ತಾವೇ ಹೊರತರುವ ಇಂಡೀ ಆಲ್ಬಮ್‌ಗಳನ್ನು ಕೇಳಿ, ಒಂದೊಂದಕ್ಕೂ ಅಂಗೈಯಗಲದ ಚೀಟಿ ಬರೆದು ಕವರಿಗೆ ಸಿಕ್ಕಿಸುತ್ತಿದ್ದಳು. ಗಿರಾಕಿಗಳ ಬಾಯಲ್ಲಿ ಅವಳು ಚೀಟಿ ಮೇಡಂ. ಎದುರಿಗೆ ನಾಲ್ಕು ಮಾತಾಡದವಳು ಚೀಟಿಯಲ್ಲಿ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ‘ಗಿಟಾರಿಗೆ ಹೇಳುವುದು ಬಹಳ ಇದೆ, ಹಾಡುವವನಿಗೆ ನಿದ್ದೆ ಬಂದಿದೆ.’ ಹಳೆಯ ಆಲ್ಬಮ್ಮಿನ ಹೊಸ ಮುದ್ರಣವೊಂದಕ್ಕೆ: ‘ಅಂದು ಎಸೆದ ಹಾಡುಗಳನ್ನೆಲ್ಲ ಹೆಕ್ಕಿ ಕೊನೆಗೆ ಅಂಟಿಸಿದ್ದಾರೆ. ಮೂವತ್ತೆರಡು ಹಲ್ಲಿನ ಬಾಯಿಗೆ ನಲವತ್ತು ಹಲ್ಲು.’

ಕ್ರಮ ಕೆಡಿಸುವವರ ಮೇಲಿನ ಈ ಸಿಟ್ಟು ಅಜ್ಜನ ಕಡೆಯಿಂದ ಬಂದದ್ದು. ಅಜ್ಜ ಸಂಜೆ ಪದ್ಯ ಓದಲು ಕೂತರೆ ಸಂಧಿ ಮುಗಿಯುವ ತನಕ ಮನೆಯಲ್ಲಿ ಲೋಟವೂ ಸದ್ದು ಮಾಡುವಂತಿರಲಿಲ್ಲ. ಒಂದು ಸಾಲು ತಪ್ಪಿದರೆ ಮತ್ತೆ ಮೊದಲಿಂದ. ಅವಳು ಆಲ್ಬಮ್ ಕೇಳುವುದೂ ಹಾಗೆಯೇ: ಅಂಗಡಿಯ ಹಿಂದಿನ ಕೋಣೆಯ ಬಾಗಿಲು ಹಾಕಿ, ಕೈ ಮಡಿಲಲ್ಲಿಟ್ಟು, ಮೊದಲ ಬದಿ, ಎರಡನೇ ಬದಿ, ಮೂರು ಸಲ. ರೆಕಾರ್ಡಿನ ಮೇಲಿನ ಮುಳ್ಳು ಎತ್ತಿ ಬೇಕಾದ ಹಾಡಿಗೆ ಹಾರುವವರನ್ನು ಅವಳು ಪುಸ್ತಕದ ಹಾಳೆ ಹರಿದವರನ್ನು ನೋಡುವಂತೆ ನೋಡುತ್ತಿದ್ದಳು. ಕವರಿನ ಹಿಂಬದಿಯನ್ನು ಓದುವುದಿಲ್ಲ ಎನ್ನುವುದು ಇನ್ನೊಂದು ವ್ರತ. ಹಾಡೇ ಹೇಳದ್ದನ್ನು ರಟ್ಟು ಏನು ಹೇಳೀತು?

ಆ ವ್ರತವೇ ಅವಳಿಗೆ ಮುಳುವಾಯಿತು.

ಊರಿನದೇ ನಾಲ್ವರ ತಂಡವೊಂದು ‘ಬಾಗಿಲಿಗೆ ಬೆನ್ನು’ ಎಂಬ ಮೊದಲ ಆಲ್ಬಮ್ ತಂದಿತ್ತು. ಅದು ಶುರುವಾಗುವುದು ಜಗಳದಿಂದ; ಖಾಲಿ ಮನೆಗೆ ಬೀಗ ಹಾಕುವ ಒಂಟಿ ದನಿಯ ಹಾಡಿಗೆ ಒಂದು ಬದಿ ಮುಗಿಯುತ್ತದೆ. ಮತ್ತೊಂದು ಬದಿಯಲ್ಲಿ ಅದಕ್ಕೂ ಹಿಂದಿನ ಸಲಿಗೆ. ಕೊನೆಗೆ ಇಬ್ಬರು ಆ ಮನೆಗೆ ಬಂದ ಮೊದಲ ದಿನ, ಡ್ರಮ್ಮಿನ ಅಬ್ಬರ, ಅದರೊಳಗೆ ಒಂದು ನಗು. ವರ್ಷಕ್ಕೊಮ್ಮೆಯೂ ಹೊಗಳದವಳು ಬರೆದಳು: ‘ಮುಗಿದದ್ದರಿಂದ ಹೊರಟು ಮೊದಲ ದಿನಕ್ಕೆ ನಡೆಯುವ ಧೈರ್ಯ ಯಾರಿಗಿದೆ? ಕೊನೆಯ ನಗು ಕೇಳಿ ಅಳು ಬಂತು.’

ಎರಡು ವಾರ ಕಳೆದು ಆ ತಂಡದ ಹಾಡುಗಾರ ಹೊಸ ಪ್ರತಿಗಳ ಪೆಟ್ಟಿಗೆ ಹೊತ್ತು ಬಂದ. ಮುದ್ರಿಸಿದವರು ರೆಕಾರ್ಡಿನ ಎರಡು ಬದಿಯ ಲೇಬಲ್ ಅದಲುಬದಲು ಅಂಟಿಸಿದ್ದರಂತೆ. ಎರಡನೇ ಬದಿ ಮೊದಲನೆಯದಾಗಿ ಹೋಗಿತ್ತಂತೆ. ಕವರಿನ ಹಿಂದೆ ಸರಿಯಾದ ಪಟ್ಟಿ ಇದ್ದರೂ ಮೇಡಂ ಹೀಗೇಕೆ ಬರೆದರೋ ತಿಳಿಯಲಿಲ್ಲ, ಚೀಟಿ ತೆಗೆಯಬೇಕು ಎಂದ.

ಭಾವನಿಗೆ ನಗು ತಡೆಯಲಾಗಲಿಲ್ಲ. "ಈ ಸಲ ಮೇಲಿನ ಹಲ್ಲಿನ ಸೆಟ್ಟನ್ನ ಕೆಳಗೆ ಕೂರಿಸಿಬಿಟ್ಯಲ್ಲಮ್ಮ."

ಕೇಳದೆ ಒಂದಕ್ಷರವೂ ಬದಲಿಸುವುದಿಲ್ಲ ಎಂದು ಅವಳು ಹೊಸ ಪ್ರತಿ ಹಿಡಿದು ಒಳಗೆ ಹೋದಳು. ಮುಕ್ಕಾಲು ಗಂಟೆಯ ಮೇಲೆ ಹೊರಬಂದಾಗ ಕಿವಿ ಕೆಂಪಾಗಿತ್ತು.

"ಎಲ್ಲಾ ಇಂಡೀ ತಂಡದವರೂ ಹೀಗೇ ಮುಗಿಸೋದು," ಎಂದಳು. "ಡ್ರಮ್ ನಿಲ್ಸಿ, ದನಿ ತಗ್ಗಿಸಿ, ಈಗ ಅಳ್ರಪ್ಪಾ ಅಂತ ಎದ್ದು ಹೋಗೋದು. ಗೊತ್ತಿಲ್ಲದೆ ಒಂದು ಒಳ್ಳೇ ಕೆಲಸ ಆಗಿತ್ತು ನಿಮ್ಮಿಂದ. ಅದನ್ನ ಸರಿ ಮಾಡ್ತೀನಿ ಅಂತ ಕೆಡಿಸಿಟ್ರಿ."

ಹಾಡುಗಾರ ದನಿ ಏರಿಸಲಿಲ್ಲ. "ಆಲ್ಬಮ್ಮಿನ ಕ್ರಮ ಮುಟ್ಟಬಾರದು ಅಂತ ಚೀಟಿ ಮೇಲೆ ಚೀಟಿ ಬರೆದೋರು ನೀವು. ನಮ್ಮದನ್ನ ಮಾತ್ರ ತಿರುಗಿಸಬಹುದಾ ಮೇಡಂ?"

ಮಾತು ನೆಟ್ಟಗೆ ಎದೆಗೆ ನಾಟಿತು. ಅಜ್ಜ ಇದ್ದಿದ್ದರೆ ಇವನ ಪಕ್ಕದಲ್ಲೇ ನಿಲ್ಲುತ್ತಿದ್ದರು, ಅನುಮಾನವೇ ಇಲ್ಲ. ಲೇಬಲ್ ಅಂಟಿಸಿದವನ ಮೇಲೆ, ಇವನ ಮೇಲೆ, ಇಷ್ಟು ವರ್ಷ ಓದದೇ ಬಿಟ್ಟ ರಟ್ಟುಗಳ ಮೇಲೆ ಒಟ್ಟಿಗೇ ರೇಗಿತು. ಆದರೆ ಅಂದು ಬಂದ ಅಳು ಸುಳ್ಳಾಗಿರಲಿಲ್ಲ. ಅದು ಸುಳ್ಳೆಂದು ಒಪ್ಪಿದರೆ ಇನ್ನು ಮುಂದೆ ಯಾವ ಚೀಟಿಗೂ ಕೈ ಹಾಕುವಂತಿಲ್ಲ.

ಭಾವ ರಾಜಿಗೆ ಬಂದ. ಅವಳಿಗೆ ಕಷ್ಟವಾದರೆ ತಾನೇ ‘ಮನ ಕಲಕುವ ಕೊನೆ’ ಎಂದು ಬರೆದು ಐದು ನಕ್ಷತ್ರ ಹಾಕಿಬಿಡುವುದಾಗಿ ಹೇಳಿ ಪೆನ್ನು ತೆಗೆದ.

"ನೀವು ಒಂದು ಹಾಡಾದ್ರೂ ಕೇಳಿದ್ದೀರಾ ಭಾವ?"

ಭಾವ ಪೆನ್ನಿನ ಮುಚ್ಚಳ ಹುಡುಕತೊಡಗಿದ. ಅವಳು ಆ ಪೆನ್ನು ಕಿತ್ತುಕೊಂಡು ನಿಂತಲ್ಲೇ ಬರೆದಳು: ‘ತಂಡದವರು ಇಟ್ಟ ಕ್ರಮ ಕವರಿನ ಹಿಂದಿದೆ. ನಾನು ಅದನ್ನು ಓದದೆ, ತಪ್ಪು ಲೇಬಲ್ಲಿನ ಪ್ರತಿ ಕೇಳಿ ಮೊದಲ ಚೀಟಿ ಬರೆದೆ. ತಪ್ಪು ನನ್ನದು. ಈಗ ಎರಡೂ ಕ್ರಮದಲ್ಲಿ ಕೇಳಿದ್ದೇನೆ. ಮೊದಲು ಎರಡನೇ ಬದಿ ಹಾಕಿ.’

ಹಾಡುಗಾರ ಎರಡು ಸಲ ಓದಿದ. ಹರಿದು ಹಾಕುತ್ತಾನೆ ಎಂದುಕೊಂಡಳು. ಅವನು ಚೀಟಿಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದ.

"ಕೆಳಗೆ ಇನ್ನೊಂದು ಸಾಲು ಬೇಕು. ಹಾಡಿದವನು ಇದನ್ನ ಒಪ್ಪೋದಿಲ್ಲ ಅಂತ."

ಅವಳು ಬರೆದಳು, ತನ್ನ ಸಾಲುಗಳಿಗಿಂತ ತುಸು ದಪ್ಪ ಅಕ್ಷರದಲ್ಲೇ. ಅವನು ಅದನ್ನು ಕವರಿಗೆ ಸಿಕ್ಕಿಸಿದ. ಜಗಳ ಬರೆದ ಚೀಟಿ ನೋಡಿ ಯಾರು ಕೊಳ್ಳುತ್ತಾರೆ ಎಂದು ಭಾವ ಗೊಣಗುತ್ತಿದ್ದಂತೆ ಇಬ್ಬರೂ ಪೆಟ್ಟಿಗೆಯಿಂದ ಉಳಿದ ಪ್ರತಿಗಳನ್ನು ತೆಗೆದು ಜೋಡಿಸತೊಡಗಿದರು.