ತಿರುವಿನ ಬೋರ್ಡಿಗೆ ಬಳಿದ ಆಯಿಲ್ ಪೇಂಟು

ಗ್ರೀಸಿನ ಗುಡ್ಡಗಾಡಿನ ಪ್ಲಾಟಾನಿತ್ಸಾದಲ್ಲಿ ಈಸ್ಟರ್ ಹತ್ತಿರ ಬಂತೆಂದರೆ ಎಲ್ಲರ ಕೈಗೂ ಸುಣ್ಣದ ಬಕೆಟ್ಟು ಬರುತ್ತದೆ. ಗೋಡೆ, ಮೆಟ್ಟಿಲು, ಮರದ ಬುಡ, ರಸ್ತೆಯಂಚಿನ ಕಲ್ಲು, ಯಾವುದನ್ನೂ ಬಿಡುವುದಿಲ್ಲ. ಕತ್ತೆ ಸುಮ್ಮನೆ ನಿಂತರೆ ಅದಕ್ಕೂ ಒಂದು ಕೈ ಬಳಿದಾರು. ಈ ವರ್ಷ ಊರೆಲ್ಲ ಬಾರ್ಬಾ ಎಂದು ಕರೆಯುವ ಹಿರಿಯ, ಊರಿನ ಅಧ್ಯಕ್ಷ ಅನೆಸ್ತಿಸ್‌ನ ಹುರುಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಣಿವೆಯ ತಿರುವಿನಲ್ಲಿ ಮಾಸಿ ನಿಂತಿದ್ದ ಎಚ್ಚರಿಕೆ ಬೋರ್ಡಿಗೂ ಅವನು ಆಯಿಲ್ ಪೇಂಟು ಬಳಿದ. ಹಳದಿ ನೆಲ, ಕೆಂಪು ಅಂಚು, ನಡುವೆ ಕಪ್ಪು ಬಾಣ. ಹಗಲಲ್ಲಿ ನೋಡಿದವರೆಲ್ಲ ಭೇಷ್ ಎಂದರು.

ನವೆಂಬರಿನ ಒಂದು ಸಂಜೆ, ಮಬ್ಬುಗತ್ತಲಲ್ಲಿ ಮಂಜು ಇಳಿದಿದ್ದಾಗ, ಅದೇ ತಿರುವಿನಲ್ಲಿ ಗರುಫಲ್ಯಾಳ ಬ್ರೆಡ್ಡಿನ ವ್ಯಾನು ರಸ್ತೆ ಬಿಟ್ಟು ಕೆಳಗೆ ಜಾರಿತು. ಒಂದು ಓಕ್ ಮರ ಅಡ್ಡ ಸಿಕ್ಕಿದ್ದರಿಂದ ಅವಳು ಬದುಕಿದಳು. ಭುಜದ ಮೂಳೆಗೆ ಪೆಟ್ಟಾಯಿತು, ಬ್ರೆಡ್ಡೆಲ್ಲ ಕಣಿವೆಯ ಪಾಲಾಯಿತು.

ಇಪ್ಪತ್ತೆರಡು ವರ್ಷ ಆರು ಹಳ್ಳಿಗಳಿಗೆ ಬ್ರೆಡ್ಡು ಮುಟ್ಟಿಸಿದವಳು ಅವಳು. ಆದರೆ ಕಾಫಿ ಅಂಗಡಿಯ ಗಂಡಸರು ಎರಡೇ ಗುಟುಕಿನಲ್ಲಿ ತೀರ್ಪು ಕೊಟ್ಟರು: ಹೆಂಗಸು, ವಯಸ್ಸು ಐವತ್ತೆಂಟು, ತೂಕಡಿಸಿದಳು. ಅವಳ ಗಂಡ ಸೊತೀರಿಸ್ ಕೂಡ ಹೌದೆಂದು ತಲೆ ಆಡಿಸಿ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

"ಇನ್ಮೇಲೆ ವ್ಯಾನು ಮುಟ್ಬೇಡ ಕಣೇ. ಬೇರೆ ಯಾರನ್ನಾದ್ರೂ ಇಡೋಣ," ಎಂದ ಸೊತೀರಿಸ್.

"ನಾನು ನಿದ್ದೆ ಮಾಡಿರ್ಲಿಲ್ಲ. ಮಂಜಿದ್ರೆ ಮೊದ್ಲು ಆ ಬೋರ್ಡು ಕಾಣ್ತಿತ್ತು, ಆಮೇಲೆ ಬ್ರೇಕ್ ಹಾಕ್ತಿದ್ದೆ. ಅವತ್ತು ಬೋರ್ಡೇ ಕಾಣ್ಲಿಲ್ಲ."

"ಹೊಸದಾಗಿ ಬಣ್ಣ ಹೊಡ್ದಿರೋ ಬೋರ್ಡು ಕಾಣ್ಲಿಲ್ಲ ಅಂದ್ರೆ ನಂಬೋರು ಯಾರು?"

ಗರುಫಲ್ಯಾಳ ಮೈಯೆಲ್ಲ ಉರಿದುಹೋಯಿತು. ಕೈಹಿಡಿದ ಗಂಡನೇ ನಂಬದಿದ್ದರೆ ಊರಿಗೆ ಏನು ಹೇಳುವುದು?

ಅವಳನ್ನು ನೋಡಲು ಒಂದು ಚೀಲ ಕಿತ್ತಳೆ ಹಿಡಿದು ಬಂದ ಗೆಳತಿ ಪೊಲಿಕ್ಸೇನಿ ಮಾತ್ರ ನಂಬಿದಳು. ಪಟ್ಟಣದಲ್ಲಿ ರಸ್ತೆ ಬೋರ್ಡು ಮಾಡುವ ಕಡೆ ಹದಿನೆಂಟು ವರ್ಷದಿಂದ, ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಹಾಳೆ ಕತ್ತರಿಸಿ ಬೋರ್ಡಿಗೆ ಅಂಟಿಸುವ ಕೆಲಸ ಅವಳದು.

"ಬಣ್ಣ ಬಳಿದ್ರಾ? ಹಾಳೆ ಮೇಲೇನೇ?" ಎಂದು ಕೇಳಿದವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಸೊತೀರಿಸಣ್ಣ, ಆ ಬಾರ್ಬಾನ ಕರ್ಕೊಂಡು ಸಂಜೆ ತಿರುವಿಗೆ ಬಾ. ಒಂದು ಟಾರ್ಚ್ ತಗೊಂಡು ಬಾ."

ಬೆಳಕು ಕರಗುವ ಹೊತ್ತಿಗೆ ನಾಲ್ವರೂ ಬೋರ್ಡಿನಿಂದ ಮೂವತ್ತು ಹೆಜ್ಜೆ ದೂರ ನಿಂತರು. ಪೊಲಿಕ್ಸೇನಿ ತಾನು ತಂದಿದ್ದ ಅಂಗೈಯಗಲದ ಹಾಳೆಯನ್ನು ಮೊದಲೇ ಬೋರ್ಡಿನ ಕಂಬಕ್ಕೆ ಅಂಟಿಸಿದ್ದಳು.

"ಟಾರ್ಚನ್ನ ನಿನ್ನ ಕಣ್ಣಿನ ಪಕ್ಕ ಹಿಡ್ಕೊಂಡು ಬೆಳಕು ಬಿಡು, ಸೊತೀರಿಸಣ್ಣ. ಕೈ ಕೆಳಗಿಳಿಸ್ಬೇಡ."

ಸೊತೀರಿಸ್ ಬೆಳಕು ಬಿಟ್ಟ. ಕಂಬದ ಮೇಲಿನ ತುಂಡು ಝಗ್ಗೆಂದು ಉರಿಯಿತು. ಅದರ ಮೇಲೆ ಅಷ್ಟಗಲದ ಬೋರ್ಡು ಕಪ್ಪಗೆ ನಿಂತಿತ್ತು, ಬಾಣವೂ ಇಲ್ಲ, ಅಂಚೂ ಇಲ್ಲ. ಅವನು ಟಾರ್ಚ್ ಆರಿಸಿ, ಮತ್ತೆ ಹಚ್ಚಿ ನೋಡಿದ. ಅದೇ ಕಪ್ಪು.

"ಒಳ್ಳೇ ಪೇಂಟು ಅದು, ಮುಖ ಕಾಣೋಷ್ಟು ಹೊಳಪಿದೆ," ಎಂದು ಅನೆಸ್ತಿಸ್ ಗೊಣಗಿದ.

"ಹೊಳಪು ಮದುವೆ ಬೂಟಿಗಿರ್ಲಿ, ಬಾರ್ಬಾ. ನಿನ್ನ ಪೇಂಟು ಬಿದ್ದ ಬೆಳಕನ್ನ ಎತ್ತಲೋ ಎಸೀತದೆ. ಈ ಹಾಳೆ ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಕಳಿಸ್ತದೆ, ಗಾಡಿ ಓಡಿಸೋರ ಕಣ್ಣಿಗೆ. ಹಳೇ ಹಾಳೇಲಿ ಸ್ವಲ್ಪ ಜೀವ ಉಳ್ದಿತ್ತು. ಅದರ ಮೇಲೆ ನೀನು ಬಣ್ಣ ಮೆತ್ತಿ ಅದನ್ನೂ ಕೊಂದೆ."

ಮೇಲೆ ಥಳಕು, ಒಳಗೆ ಹುಳುಕು. ಇಷ್ಟಾದರೂ ಅನೆಸ್ತಿಸ್ ಸೋಲಲಿಲ್ಲ. "ಹಾರ್ಡ್‌ವೇರ್ ಅಂಗಡೀಲಿ ಬೆಳ್ಳಿ ಟೇಪು ಸಿಗ್ತದೆ. ನಾಳೆ ನಾನೇ ಸುತ್ತುತೀನಿ, ಬಿಡು."

ಪೊಲಿಕ್ಸೇನಿ ಜೇಬಿನಿಂದ ಅಂಥದೇ ಟೇಪಿನ ತುಂಡನ್ನೂ ತನ್ನ ಹಾಳೆಯ ಇನ್ನೊಂದು ತುಂಡನ್ನೂ ತೆಗೆದು ಒಂದು ರಟ್ಟಿನ ಮೇಲೆ ಪಕ್ಕಪಕ್ಕ ಅಂಟಿಸಿ, ಬೋರ್ಡಿನ ಬಳಿ ಹೋಗಿ ಟಾರ್ಚಿನ ಬೆಳಕಿಗೆ ಹಿಡಿದಳು. ನೇರ ಹಿಡಿದಾಗ ಎರಡೂ ಹೊಳೆದವು. ರಟ್ಟನ್ನು ತುಸು ಓರೆ ಮಾಡಿದಳು. ಟೇಪು ಮಂಕಾಯಿತು, ಹಾಳೆ ಹೊಳೆಯುತ್ತಲೇ ಇತ್ತು.

"ತಿರುವಲ್ಲಿ ಬೆಳಕು ಓರೆಯಾಗೇ ಬೀಳೋದು. ಟೇಪು ನಿಮ್ಮ ಬೇಲಿಗೆ ಸಾಕು, ರಸ್ತೆಗಲ್ಲ," ಎಂದಳು.

"ಅಂಥ ಬೋರ್ಡಿಗೆ ದುಡ್ಡು ಎಷ್ಟಾಗ್ತದೆ ಗೊತ್ತಾ? ಮುಂದಿನ ವರ್ಷ ನೋಡೋಣ," ಎಂದ ಅನೆಸ್ತಿಸ್.

ಗರುಫಲ್ಯಾ, ಕೊರಳಿಗೆ ಕಟ್ಟಿದ ಕೈಯನ್ನು ಹಾಗೆಯೇ ಹಿಡಿದು ಮುಂದೆ ಬಂದಳು. ತಿರುವಿನಂಚಿನಲ್ಲಿ ಪುಟ್ಟ ಗುಡಿಯಂಥ ಎರಡು ತಗಡಿನ ಪೆಟ್ಟಿಗೆಗಳಿದ್ದವು. ಅಲ್ಲಿ ಸತ್ತ ಇಬ್ಬರ ಹೆಸರಲ್ಲಿ ಮನೆಯವರು ದೀಪ ಹಚ್ಚುವ ಪೆಟ್ಟಿಗೆಗಳವು.

"ನೋಡು ಬಾರ್ಬಾ. ಸತ್ತೋರಿಗೆ ದಿನಾ ಎಣ್ಣೆ ಹಾಕಿ ದೀಪ ಹಚ್ತೀವಿ. ಬದುಕಿರೋರಿಗೆ ಒಂದು ಹಾಳೆ ಅಂಟಿಸೋಕೆ ಮುಂದಿನ ವರ್ಷ ಅಂತೀಯ. ಮೂರನೇ ಪೆಟ್ಟಿಗೆ ನಂದಾಗ್ತಿತ್ತು. ಅದಕ್ಕೂ ನೀನೇ ಬಂದು ಪೇಂಟು ಹೊಡೀತಿದ್ದೆ."

ಅನೆಸ್ತಿಸ್ ಆ ಪೆಟ್ಟಿಗೆಗಳತ್ತ ನೋಡಿ, "ನಾಳೇನೇ ಹೊಸ ಬೋರ್ಡಿಗೆ ಹೇಳ್ತೀನಿ," ಎಂದ. ಸೊತೀರಿಸ್ ಹೆಂಡತಿಯ ಮುಖ ನೋಡಲಾರದೆ ರಸ್ತೆ ನೋಡುತ್ತ ನಿಂತ.

ಹನ್ನೆರಡನೆಯ ದಿನ ಹೊಸ ಬೋರ್ಡು ಬಂತು. ಮುಂಭಾಗದಲ್ಲಿ ಜೇನುಹುಟ್ಟಿನ ಕಣ್ಣುಗಳಂತೆ ಗೀರುಗಳಿದ್ದ ದಪ್ಪ ಹಾಳೆ, ಹಿಂಭಾಗದಲ್ಲಿ ಹಾಳೆಯ ದರ್ಜೆ ಮತ್ತು ಮಾಡಿದ ವರ್ಷ. ಪೊಲಿಕ್ಸೇನಿ ಎರಡನ್ನೂ ಓದಿ ನೋಡಿದ ಮೇಲೆಯೇ ನಿಲ್ಲಿಸಲು ಬಿಟ್ಟಳು. "ಧೂಳು ಕೂತ್ರೆ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಬ್ರಷ್ ಹಿಡ್ಕೊಂಡು ಬಂದೋರ ಕೈ ಮುರೀತೀನಿ," ಎಂದಳು.

ಆ ಸಂಜೆ ಸೊತೀರಿಸ್ ಹೆಂಡತಿಯನ್ನು ಕರೆದುಕೊಂಡೇ ಕಾಫಿ ಅಂಗಡಿಗೆ ಹೋದ. ಕೂತಿದ್ದವರೆಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಹೆಂಡ್ತಿ ತೂಕಡಿಸಿರ್ಲಿಲ್ಲ. ತೂಕಡಿಸಿದ್ದು ನಾವು. ಭುಜ ವಾಸಿಯಾದ್ಮೇಲೆ ವ್ಯಾನು ಅವಳೇ ಓಡಿಸ್ತಾಳೆ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಬೋರ್ಡನ್ನು ಹಗಲಲ್ಲಿ ನೋಡಿ ಮೆಚ್ಚಬೇಡಿ. ಹಗಲಲ್ಲಿ ಎಲ್ಲ ಬೋರ್ಡೂ ಚೆಂದವೇ. ಕತ್ತಲಾಗುವಾಗ ರಸ್ತೆಯಂಚಿನಲ್ಲಿ ಮೂವತ್ತು ಹೆಜ್ಜೆ ದೂರ ನಿಂತು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಬೆಳಕು ಬಿಡಿ. ಬೋರ್ಡು ಹೊಳೆಯದಿದ್ದರೆ, ಅದನ್ನು ಹಾಕಿಸಿದವರ ಬಾಗಿಲಿಗೆ ಹೋಗಿ, ಒಬ್ಬರೇ ಅಲ್ಲ, ಹತ್ತು ಜನ ಹೋಗಿ. ಅಗ್ಗದ ಟೇಪು ತೋರಿಸಿದರೆ ಒಪ್ಪಬೇಡಿ, ಬಣ್ಣದ ಡಬ್ಬಿ ತೋರಿಸಿದರೆ ಅಲ್ಲೇ ಜಗಳ ಮಾಡಿ. ಇವತ್ತೇ ಸಂಜೆ ಹೋಗಿ ನೋಡಿ. ಆ ದಾರಿಯಲ್ಲಿ ನಿಮ್ಮ ಮನೆಯವರೂ ಬರುತ್ತಾರೆ.