ಬಾಯಿಗೆ ಬಾರದ ಹೆಸರು

ಮಂಡಿನೋವು ಹಿಡಿದ ಮೇಲೆ ನಮ್ಮಪ್ಪ ಶರ್ಶೆನ್‌ಗೆ ಟಿವಿಯೇ ಊರು, ಟಿವಿಯೇ ಹರಟೆಕಟ್ಟೆ. ಸಂಜೆ ಏಳಕ್ಕೆ ಎಲ್ದಿಯಾರ್ ಎಂಬ ನಿರೂಪಕನ ಚರ್ಚೆ ಶುರುವಾದರೆ ಮನೆಯಲ್ಲಿ ಚಹಾ ಬಟ್ಟಲಿಗೂ ಸದ್ದು ಮಾಡುವ ಹಕ್ಕಿರಲಿಲ್ಲ. ಚೌಕದಲ್ಲಿ ಹೆಂಗಸರು ನಿಂತು ಕೂಗಿದ್ದು ಕಂಡರೆ ಎಲ್ದಿಯಾರ್‌ಗಿಂತ ಮೊದಲು ಅಪ್ಪನೇ ತೀರ್ಪು ಕೊಡುತ್ತಿದ್ದ.

"ಬಾಡಿಗೆ ಹೆಂಗಸ್ರು! ಇವತ್ತು ಇವ್ರ ಪರ, ನಾಳೆ ಅವ್ರ ಪರ."

ನಮ್ಮ ರಾಜಧಾನಿ ಬಿಶ್ಕೇಕ್‌ನಲ್ಲಿ ಇದು ಅಪ್ಪನೊಬ್ಬನ ಮಾತಲ್ಲ. ಹಾಗೆ ಬಾಡಿಗೆಗೆ ಬಂದು ಕೂಗುವವರೂ ಇದ್ದಾರೆ, ನಾನೇಕೆ ಸುಳ್ಳು ಹೇಳಲಿ. ಆದರೆ ಒಂದು ಮನೆಯ ಹಾಲು ಒಡೆಯಿತೆಂದು ಊರಿನ ಹಸುಗಳನ್ನೆಲ್ಲ ಬೈಯುತ್ತಾರೆಯೇ?

ಮೂರು ತಿಂಗಳ ಹಿಂದೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ತೆಮಿರ್‌ಕುಲ್, ನಮ್ಮ ಮೂಲ ಹಳ್ಳಿಯ ಸಭೆಯಲ್ಲಿ ಎದ್ದು ನಿಂತು, ಬೇಸಿಗೆಯಲ್ಲಿ ಕುರಿ ಮೇಯುವ ಬೆಟ್ಟವನ್ನು ಚಿನ್ನದ ಗಣಿಗೆ ಕೊಡಬಾರದು ಎಂದ. ಮರುವಾರ ಅವನನ್ನೂ ಇನ್ನೂ ನಾಲ್ವರನ್ನೂ ಹಿಡಿದು ನಗರಕ್ಕೆ ತಂದು ಜೈಲಿಗೆ ಹಾಕಿದರು. ಅಪ್ಪ ಹೆದರಿದ. ಹೆದರಿಕೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಅದಕ್ಕೆ ಕೋಪದ ವೇಷ ಹಾಕಿದ.

"ಈ ಮನೇಲಿ ಅವನ ಹೆಸರು ಎತ್ತಕೂಡದು," ಎಂದ.

ಅಮ್ಮನಿಗೆ ಆ ಅಪ್ಪಣೆ ಬೇಕಿರಲಿಲ್ಲ. ನಮ್ಮಲ್ಲಿ ಗಂಡನ ಅಣ್ಣನ ಹೆಸರು ಸೊಸೆಯ ಬಾಯಲ್ಲಿ ಬರಕೂಡದು. ಮದುವೆಯಾಗಿ ನಲವತ್ತೊಂದು ವರ್ಷವಾದರೂ ನಮ್ಮಮ್ಮ ಉಮ್ಸುನಾಯ್‌ಗೆ ಆತ 'ದೊಡ್ಡವರು', ಅಷ್ಟೇ. ತೆಮಿರ್ ಎಂದರೆ ಕಬ್ಬಿಣ. ಅದಕ್ಕೇ ಅವಳು ಕಬ್ಬಿಣದ ಬಾಣಲೆಯನ್ನೂ 'ಆ ಕರೀದು' ಎನ್ನುತ್ತಾಳೆ. ಹೀಗೆ ಒಬ್ಬರು ಕೋಪಕ್ಕೆ, ಒಬ್ಬರು ಗೌರವಕ್ಕೆ ಬಾಯಿ ಬಿಗಿದುಕೊಂಡು, ಆ ಹೆಸರು ನಮ್ಮ ಮನೆ ಬಿಟ್ಟೇ ಹೋಯಿತು.

ಆದರೆ ಅಮ್ಮ ಮರೆಯುವವಳಲ್ಲ. ಅವಳಿಗೆ ಹೆರಿಗೆ ಕಷ್ಟವಾದಾಗ ಸೊಂಟದೆತ್ತರದ ಹಿಮದಲ್ಲಿ ಕುದುರೆಯ ಜೊತೆ ತಾನೂ ಜಾರುಬಂಡಿ ಎಳೆದು ಆಸ್ಪತ್ರೆ ಮುಟ್ಟಿಸಿದವನು ದೊಡ್ಡಪ್ಪ. ಆವತ್ತು ಹುಟ್ಟಿದವಳು ನಾನು, ಜೀದೆ.

"ಮದುವೆ ಮನೇಲಿ ಬೂರ್ಸೋಕ್ ಉಂಡೆ ಕರಿಯೋಕೆ ಕರೆದಿದಾರೆ," ಎಂದು ಅಪ್ಪನಿಗೆ ಹೇಳಿ ಅಮ್ಮ ಒಂದು ಮಧ್ಯಾಹ್ನ ವ್ಯಾನು ಹತ್ತಿದಳು. ಜೈಲಿನಲ್ಲಿದ್ದವರ ಹೆಂಡಂದಿರ ಜೊತೆ ಚೌಕದಲ್ಲಿ ನಿಂತಳು. ರಟ್ಟಿಗೆ ದೊಡ್ಡಪ್ಪನ ಫೋಟೋ ಅಂಟಿಸಿಕೊಟ್ಟವಳು ನಾನು. ಕೆಳಗೆ ಹೆಸರು ಬರೆಯಲು ಹೋದರೆ ಅಮ್ಮ ಬಿಡಲಿಲ್ಲ.

"ಅವ್ರ ಹೆಸ್ರು ಕೈಯಲ್ಲಿ ಹಿಡ್ಕೊಂಡು ಬೀದೀಲಿ ನಿಲ್ಲೋದಾ? ಮುಖ ನೋಡಿದ್ರೆ ಗೊತ್ತಾಗಲ್ವೇನೇ?"

ಹದಿನೈದು ದಿನ ಆ 'ಮದುವೆ' ನಡೆಯಿತು. ಯಾರ ಮದುವೆ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ.

ನ್ಯಾಯಾಲಯದ ವಿಚಾರಣೆಗೆ ನಾಲ್ಕು ದಿನ ಉಳಿದಿತ್ತು. ಆವತ್ತು ಸಂಜೆ ಎಲ್ದಿಯಾರ್‌ನ ಪರದೆಯ ಮೇಲೆ ಅಮ್ಮ ಕಾಣಿಸಿಕೊಂಡಳು. ಮುಖ ಮಾತ್ರ, ಫೋಟೋ ಹಿಡಿದ ಕೈಯನ್ನು ಅವರು ತೋರಿಸಲೇ ಇಲ್ಲ.

"ಯಾರಿಗೋಸ್ಕರ ಬಂದಿದೀರಜ್ಜಿ?" ವರದಿಗಾರ್ತಿ ಕೇಳಿದಳು.

"ನಮ್ಮ ದೊಡ್ಡವರಿಗೋಸ್ಕರ ಕಣಮ್ಮ."

"ಯಾವ ದೊಡ್ಡವರು? ಹೆಸರು ಹೇಳಿ."

ಅಮ್ಮ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದಳು. "ಆ ಹೆಸ್ರು ನನ್ನ ಬಾಯಲ್ಲಿ ಬರಲ್ಲ."

ಅಲ್ಲಿಗೆ ಕತ್ತರಿಸಿದ್ದರು. ಎಲ್ದಿಯಾರ್ ಮೇಜು ಕುಟ್ಟಿ ನಕ್ಕ. "ಬರಲ್ವಂತೆ! ಕರ್ಕೊಂಡ್ಬಂದವರು ಹೆಸರು ಕಲಿಸೋದನ್ನೇ ಮರೆತಿದಾರೆ!" ಚರ್ಚೆಗೆ ಕೂತವರು ನಕ್ಕರು. ಅವರಲ್ಲಿ ಬಿಳಿ ಟೋಪಿಯ ಒಬ್ಬ ಮುದುಕನಿದ್ದ. ಸೊಸೆಯ ಬಾಯಲ್ಲಿ ಆ ಹೆಸರು ಯಾಕೆ ಬರಲ್ಲ ಎಂದು ಅವನಿಗೆ ಖಂಡಿತ ಗೊತ್ತಿತ್ತು. ತಲೆ ತಗ್ಗಿಸಿದನೇ ಹೊರತು ತುಟಿ ಬಿಚ್ಚಲಿಲ್ಲ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಪ್ಪ ಕೂತಲ್ಲೇ ಕೂತಿದ್ದ. "ಇವನಿಗೆ ಅಜ್ಜಿ ಇರ್ಲಿಲ್ವೇನೇ, ಜೀದೆ?" ಎಂದು ಮೆಲ್ಲಗೆ ಕೇಳಿದ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಹಿಟ್ಟಿನ ಕೈಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನನ್ನಿಂದ್ಲೇ ಅವ್ರ ಕೆಲ್ಸ ಕೆಟ್ಟುಹೋಯ್ತು," ಎಂದು ಅತ್ತಳು. "ನನ್ನ ಮಾತು ಕೇಳ್ದೋರು ಅಲ್ಲಿ ನಿಂತಿರೋರೆಲ್ಲ ಬಾಡಿಗೆಯೋರು ಅಂತಾರೆ. ನಾಳೆಯಿಂದ ಹೋಗಲ್ಲ."

ಅಪ್ಪ ತನ್ನ ಮಂಡಿ ಒತ್ತಿಕೊಂಡ.

"ಹಂಗಾದ್ರೆ ಮದುವೆ ಮುಗೀತಾ?"

ಅಮ್ಮ ಅಳು ನಿಲ್ಲಿಸಿ ಅವನನ್ನೇ ನೋಡಿದಳು.

"ಗೊತ್ತಿತ್ತಾ ನಿಮ್ಗೆ?"

"ಹದಿನೈದು ದಿನ ಬೂರ್ಸೋಕ್ ಕರ್ದು ಬಂದೋಳ ಬಟ್ಟೇಲಿ ಒಂದಿನಾನಾದ್ರೂ ಎಣ್ಣೆ ವಾಸನೆ ಬರಬಾರ್ದೇನೇ?" ಎಂದ ಅಪ್ಪ. "ನಾಳೆ ಆ ಮದುವೆಗೆ ನಾನೂ ಬರ್ತೀನಿ. ಟೋಪಿ ಎಲ್ಲಿಟ್ಟಿದೀಯ?"

ಮರುದಿನ ಅವನನ್ನು ವ್ಯಾನಿನಿಂದ ಇಳಿಸುವಷ್ಟರಲ್ಲಿ ನನ್ನ ಹೆಗಲು ಬಿದ್ದುಹೋಯಿತು. ಚೌಕದಲ್ಲಿ ಅದೇ ವರದಿಗಾರ್ತಿ ಅಮ್ಮನನ್ನು ಗುರುತು ಹಿಡಿದು ನಗುತ್ತಲೇ ಬಂದಳು.

"ಅಜ್ಜೀ, ಇವತ್ತಾದ್ರೂ ಹೆಸರು ಕಲಿತ್ಕೊಂಡು ಬಂದ್ರಾ?"

ಅಮ್ಮ ಬಾಯಿ ತೆರೆದಳು. ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದಳು, ನನಗೆ ಗೊತ್ತು. ಹೆಸರು ಬರಲಿಲ್ಲ. ಆಗ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಅಪ್ಪ ಹೇಳಿದ:

"ತೆಮಿರ್‌ಕುಲ್."

ಮತ್ತೊಮ್ಮೆ, ಈ ಸಲ ಚೌಕದ ಪಾರಿವಾಳಗಳು ಏಳುವ ಹಾಗೆ ಕೂಗಿದ. "ತೆಮಿರ್‌ಕುಲ್! ನಮ್ಮಣ್ಣ. ಇವಳು ನಮ್ಮನೆ ಸೊಸೆ. ಆ ಹೆಸರನ್ನ ಇವಳು ಯಾಕೆ ಹೇಳಲ್ಲ ಅಂತ ಹೋಗಿ ನಿಮ್ಮಜ್ಜೀನ ಕೇಳು, ಮಗಳೇ."

ಆ ಹುಡುಗಿಯ ಮುಖ ಕೆಂಪಾಯಿತು. ಪಾಪ, ಅವಳು ಕೆಟ್ಟವಳಲ್ಲ. ಮೈಕು ಕೆಳಗಿಳಿಸಿ ಅಮ್ಮನ ಕೈ ಹಿಡಿದು ಏನೋ ಹೇಳಿದಳು.

ಸಂಜೆ ಎಲ್ದಿಯಾರ್ ಅಪ್ಪನ ಮಾತನ್ನು ಹಾಕಲಿಲ್ಲ, ಮುಖವನ್ನಷ್ಟೇ ತೋರಿಸಿದ. "ಇವತ್ತು ಬಾಡಿಗೆಗೆ ಒಬ್ಬ ಮುದುಕನೂ ಸಿಕ್ಕಿದಾನೆ," ಎಂದ.

"ನೋಡೇ, ನನಗೂ ಕೆಲಸ ಸಿಕ್ತು," ಎಂದು ಅಪ್ಪ ಗೊಳ್ಳನೆ ನಕ್ಕು, ಚರ್ಚೆಯ ನಡುವೆಯೇ ಟಿವಿ ಆರಿಸಿದ. ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವಿಚಾರಣೆಗೆ ಇನ್ನೂ ಮೂರು ದಿನವಿತ್ತು, ದೊಡ್ಡಪ್ಪ ಇನ್ನೂ ಒಳಗೇ ಇದ್ದ.

ಮನೆ ನಿಶ್ಶಬ್ದವಾಯಿತು. ಅಮ್ಮ ಚಹಾ ತಂದು ಅಪ್ಪನ ಪಕ್ಕ ಕೂತಳು.

"ರೀ," ಎಂದಳು. "ಆ ಹೆಸ್ರು ಹೇಳಿ. ನಾನಂತೂ ಹೇಳೋ ಹಂಗಿಲ್ಲ. ಮನೆ ಒಳಗೆ ಒಂದ್ಸಲ ಕೇಳ್ಬೇಕು ಅನ್ನಿಸ್ತಿದೆ."

ಅಪ್ಪ ಹೇಳಿದ. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದ್ಸಲ," ಎಂದಳು.